ಮೊದಲ ಕೈ

"ಹುಣಸೇಬೀಜ ಕೈಗೇ ಗೊತ್ತಾಗ್‌ಬುಡ್ತದಲ್ಲ ಮೇಷ್ಟ್ರೇ?" ಎಂದಳು ಪಾಪಮ್ಮ.

ಬಿಂದಿಗೆಯ ಕಂಠದೊಳಗೆ ಕೈ ಇಳಿಸಲು ಅಂಗಿಯ ತೋಳು ಮಡಿಚಿಕೊಂಡಿದ್ದ ರೇವಣಸಿದ್ದಯ್ಯ ಅಲ್ಲೇ ತಡೆದ. ಜಗಲಿಯ ಮೇಲಿದ್ದ ಆ ಹಿತ್ತಾಳೆ ಬಿಂದಿಗೆಯಲ್ಲಿ ಐದು ಅವರೆಕಾಳು, ಒಂದು ಹುಣಸೇಬೀಜ ಇದ್ದವು. ಅವರೆಕಾಳು ಅಂದರೆ ಖಾಲಿ ಚೀಟಿ, ಹುಣಸೇಬೀಜ ಅಂದರೆ ಕೆಲಸ ಎಂದು ಮನೆಯ ಯಜಮಾನ ದೊಡ್ಡಣ್ಣನಿಗೆ ಈಗಷ್ಟೇ ಬಿಡಿಸಿ ಹೇಳಿದ್ದ. ದೊಡ್ಡಣ್ಣ ಕಂಬಕ್ಕೆ ಒರಗಿ, ಮಗ್ಗಿ ಕಲಿಯಲು ಬಂದ ಹುಡುಗನಷ್ಟು ಶ್ರದ್ಧೆಯಿಂದ ಕೇಳುತ್ತಿದ್ದ. ಅವನ ಹೆಂಡತಿ ಪಾಪಮ್ಮ ಮಾತ್ರ ಮೊರದಲ್ಲಿ ಕಾಳು ಕೇರುತ್ತಾ, ಇದಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಕೂತಿದ್ದಳು.

"ಇದು ಬರೀ ತೋರ್ಸೋದಕ್ಕೆ ತಾಯಿ," ಎಂದು ರೇವಣಸಿದ್ದಯ್ಯ ನಕ್ಕ. "ನಿಜವಾದ ಚೀಟಿಗಳೆಲ್ಲಾ ಒಂದೇ ಥರಾ ಇರ್ತಾವೆ ನೋಡ್ರಿ."

"ಅಂಗಾದ್ರೆ ಇವೂ ಒಂದೇ ತರ ಇರ್ಲಿ."

ಪಾಪಮ್ಮ ಬಿಂದಿಗೆ ಬೋರಲು ಹಾಕಿ, ಹುಣಸೇಬೀಜವನ್ನು ಅಂಗಳಕ್ಕೆಸೆದು, ಮೊರದಿಂದ ಇನ್ನೊಂದು ಅವರೆಕಾಳು ಆರಿಸಿ ಅವನ ಕೈಗಿತ್ತಳು. ಅವನು ಜೇಬಿನ ಪೆನ್ನು ತೆಗೆದು ಅದರ ಮೇಲೆ ಒಂದು ಮಸಿಬೊಟ್ಟಿಟ್ಟು, ಊದಿ ಆರಿಸಿ, ಉಳಿದ ಐದರ ಜೊತೆ ಬಿಂದಿಗೆಗೆ ಹಾಕಿದ. ಹೆಂಗಸರಿಗೆ ಎಲ್ಲದರಲ್ಲೂ ಒಂದು ಕೊಕ್ಕೆ ಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡ. ಆ ಮಾತನ್ನು ಆಮೇಲೆ ಎಷ್ಟು ಸಲ ನೆನೆಸಿಕೊಳ್ಳಬೇಕಾಗುತ್ತದೆಂದು ಆಗ ಅವನಿಗೆ ತಿಳಿಯಲಿಲ್ಲ.

ರೇವಣಸಿದ್ದಯ್ಯ ಚಿತ್ರದುರ್ಗದ ಕಡೆಯವನು. ರಾಜಾಜಿನಗರದ ಮಿಡ್ಲ್ ಸ್ಕೂಲಿಗೆ ಮೇಷ್ಟ್ರಾಗಿ ಬಂದವನು, ಅಲ್ಲಿಂದ ಲಗ್ಗೆರೆ ಕಡೆಗೆ ಎರಡು ಮೈಲಿ ನಡೆದರೆ ಸಿಗುವ ಈ ಹಳ್ಳಿಯಲ್ಲಿ, ದೊಡ್ಡಣ್ಣನ ಮನೆಯ ಹೊರಕೋಣೆಯಲ್ಲಿ ಎರಡು ವರ್ಷದಿಂದ ಇದ್ದ. ವಯಸ್ಸು ಇಪ್ಪತ್ತೊಂಬತ್ತು. ಇಂಟರ್‌ಮೀಡಿಯೇಟ್ ಪರೀಕ್ಷೆಗೆ ಖಾಸಗಿಯಾಗಿ ಎರಡು ಸಲ ಕಟ್ಟಿ, ಎರಡು ಸಲವೂ ಗಣಿತದಲ್ಲಿ ಮುಗ್ಗರಿಸಿದ್ದ. ಈ ಮೂರನೆಯ ಸಲ, ಹಳೆಯ ಇಂಗ್ಲಿಷ್ ಬೀಜಗಣಿತದ ಪುಸ್ತಕದಲ್ಲಿ 'ಸಂಭವ'ದ ಅಧ್ಯಾಯ ಓದುವಾಗ ಏನೋ ಒಂದು ಪರದೆ ಸರಿದಂತಾಗಿತ್ತು. ಘಾತಾಂಕಗಳು, ಕ್ರಮಯೋಜನೆ ಎಲ್ಲ ಉರುಹೊಡೆದದ್ದು. ಇದೊಂದು ಮಾತ್ರ ಅರ್ಥವಾದದ್ದು. ಅರ್ಥವಾದ ಹೊಸದರಲ್ಲಿ ಅದನ್ನು ಯಾರಿಗಾದರೂ ಹೇಳದೆ ಇರಲು ಅವನ ಕೈಲಿ ಆಗುತ್ತಿರಲಿಲ್ಲ.

ದೊಡ್ಡಣ್ಣನಿಗೆ ಬಂದಿದ್ದ ಸಂಕಟವೂ ಆ ಅಧ್ಯಾಯದ್ದೇ ಆಗಿತ್ತು. ಎಂಟು ವರ್ಷದ ಹಿಂದೆ ರಾಜಾಜಿನಗರಕ್ಕೆಂದು ನೆಟ್ಟ ಗಡಿಕಲ್ಲುಗಳು ವರ್ಷಕ್ಕಿಷ್ಟು ಮುಂದೆ ಬಂದು, ಕೊನೆಗೆ ಈ ಊರಿನ ಹೊಲದಲ್ಲೂ ನಿಂತಿದ್ದವು. ದೊಡ್ಡಣ್ಣ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಕಾರ್ಖಾನೆಯ ಕಾಂಪೌಂಡು. ಪೂರ್ತಿ ನೆಲ ಕಳೆದುಕೊಂಡ ಮನೆ ಆರು. ಆ ಆರು ಮನೆಗೆ ಸೇರಿ ಒಂದೇ ಒಂದು ಕಾಯಂ ಕೆಲಸ ಕೊಡುತ್ತೇವೆ, ಗೇಟು ಕಾಯುವ ಕೆಲಸ, ಯಾರಿಗೆಂಬುದನ್ನು ಊರಲ್ಲೇ ಚೀಟಿ ಹಾಕಿ ತೀರ್ಮಾನಿಸಿಕೊಳ್ಳಿ ಎಂದು ಕಾರ್ಖಾನೆಯವರು ಹೇಳಿ ಕಳಿಸಿದ್ದರು.

ಚೀಟಿ ಎತ್ತುವುದು ಊರಿಗೆ ಹೊಸದಲ್ಲ. ಬೇಸಿಗೆಯಲ್ಲಿ ಕೆರೆಯ ನೀರಿನ ಸರದಿಗೆ ತಾತಂದಿರ ಕಾಲದಿಂದಲೂ ಹಾಗೇ. ತೂಬು ಕಟ್ಟಿಸಿದ್ದು ದೊಡ್ಡಣ್ಣನ ಮುತ್ತಾತನಾದ್ದರಿಂದ ಬಿಂದಿಗೆಯೂ ಆ ಮನೆಯದೇ, ಮೊದಲ ಕೈಯೂ ಆ ಮನೆಯದೇ. ಕೆರೆಯ ಕೆಳಗೆ ಈಗ ಒಂದು ಗುಂಟೆ ಗದ್ದೆಯೂ ಇಲ್ಲ. ಆದರೂ ಮೊದಲ ಕೈ ಉಳಿದುಕೊಂಡಿತ್ತು. ಹಾಗೆ ನೋಡಿದರೆ ದೊಡ್ಡಣ್ಣನಿಗೆ ಉಳಿದದ್ದು ಅದೊಂದೇ.

ನಿನ್ನೆ ಸಂಜೆ ಉಗ್ರಪ್ಪ ಬಂದಿದ್ದ. ಆರು ಮನೆಗಳಲ್ಲಿ ಅವನದೂ ಒಂದು. ಜಗಲಿ ಹತ್ತದೆ, ಅಂಗಳದಲ್ಲೇ ನಿಂತು ಕೈಮುಗಿದಿದ್ದ. "ಅಣ್ಣ, ಇದೊಂದು ಸಲ ಮೊದಲ ಕೈ ನಂಗೆ ಬುಟ್‌ಕೊಡು. ನಮ್ಮವ್ವ ಮಲಗಿರೋದು ನೀನೇ ನೋಡಿದೀಯ. ಮುನೇಶ್ವರ ಕನಸಲ್ಲಿ ಬಂದು ಮೊದಲ ಕೈ ನಿನ್ ಮಗಂದಾಗ್ಲಿ ಅಂದ್ನಂತೆ. ದಿನಾ ಅಳ್ತಾಳೆ ಕಣಣ್ಣ." ದೊಡ್ಡಣ್ಣ ಯಾರಿಗೂ ಇಲ್ಲ ಎನ್ನಲಾರದವನು. ನಾಳೆ ಹೇಳ್ತೀನಿ ಎಂದು ಕಳಿಸಿ, ಆವತ್ತು ಊಟವನ್ನೇ ಮಾಡಲಿಲ್ಲ.

ಊಟ ಸೇರದಿರಲು ಕಾರಣವಿತ್ತು. ಅವನ ಒಬ್ಬನೇ ಮಗ ಹನುಮಂತಯ್ಯನ ಹೆಂಡತಿ ಬಾಣಂತನಕ್ಕೆಂದು ಮಾಗಡಿ ಕಡೆಯ ತವರಿಗೆ ಹೋದವಳು ಹಿಂದಿರುಗಿರಲಿಲ್ಲ. ಮಗುವಿಗೆ ಏಳು ತಿಂಗಳು. ನೆಲವಿಲ್ಲದ ಮನೆಗೆ ಮಗಳನ್ನು ಕಳಿಸುವುದಿಲ್ಲ, ಅಳಿಯನಿಗೆ ಒಂದು ಕಾಯಂ ಕೆಲಸವೆಂದು ಆದರೆ ಮಾರನೆಯ ದಿನವೇ ಕಳಿಸುತ್ತೇನೆ, ಇಲ್ಲವಾದರೆ ಪಂಚಾಯ್ತಿ ಸೇರಿಸಿ ಬಿಡುಗಡೆ ಮಾಡಿಸುತ್ತೇನೆ ಎಂದು ಬೀಗರು ಖಂಡಿತವಾಗಿ ಹೇಳಿದ್ದರು. ಗೇಟು ಕಾಯುವ ಕೆಲಸ ಎಂದರೆ ಈ ಮನೆಯಲ್ಲಿ ಸೊಸೆ, ಮೊಮ್ಮಗು ಎಂದೇ ಅರ್ಥ. ಪಾಪಮ್ಮ ಆಗಲೇ ಹಳೆಯ ಸೀರೆಗಳನ್ನು ಒಗೆದು ಜೋಲಿಗೆಂದು ಮಡಿಸಿಟ್ಟಿದ್ದಳು.

"ಈಗ ನೋಡ್ರಿ ಗೌಡ್ರೇ," ಎಂದು ರೇವಣಸಿದ್ದಯ್ಯ ಮತ್ತೆ ಶುರುಮಾಡಿದ. "ಮೊದಲ್ನೇ ಕೈಗೆ ಕೆಲಸ ಸಿಗೋ ಸಂಭವ ಎಷ್ಟು? ಆರರಾಗೆ ಒಂದು. ಸರಿನಾ? ಎರಡನೇಯವನಿಗೆ ಸಿಗಬೇಕು ಅಂದ್ರೆ ಮೊದಲ್ನೇಯವನಿಗೆ ತಪ್ಪಬೇಕು. ಅದು ಆರರಾಗೆ ಐದು. ಆಮೇಲೆ ಒಳಗೆ ಉಳಿದದ್ದು ಐದು ಚೀಟಿ, ಅದರಾಗೆ ಒಂದು ಇವನದಾಗಬೇಕು. ಎರಡನ್ನೂ ಗುಣಿಸಿದ್ರೆ ಐದಕ್ಕೆ ಐದು ಹೊಡೆದುಹೋಗಿ ಮತ್ತೆ ಆರರಾಗೆ ಒಂದೇ. ಮೂರನೇಯವನಿಗೂ ಅಷ್ಟೇ. ಕಡೇಯವನಿಗೂ ಅಷ್ಟೇ."

"ಕಡೇಯವ್ನಿಗೂ ಅಷ್ಟೇನಾ?"

"ಅಷ್ಟೇ. ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ."

ದೊಡ್ಡಣ್ಣನ ಮುಖದ ಮೇಲೆ ಬಿಗಿದಿದ್ದ ಗಂಟು ನಿಧಾನವಾಗಿ ಸಡಿಲಿತು. ಕೊಟ್ಟರೆ ನಷ್ಟವಿಲ್ಲ, ಕೊಡದಿದ್ದರೆ ಮುದುಕಿಯ ಕಣ್ಣೀರು. ಇಷ್ಟು ಅಗ್ಗವಾಗಿ ಒಳ್ಳೆಯವನಾಗುವ ಅವಕಾಶವನ್ನು ಯಾರು ಬಿಟ್ಟಾರು?

"ಲಾಭ ಇಲ್ದಿದ್ರೆ ಆ ಉಗ್ರಪ್ಪ ಯಾಕೆ ಕೇಳ್ಕೊಂಡ್ ಬಂದ?" ಎಂದಳು ಪಾಪಮ್ಮ, ಮೊರದಿಂದ ತಲೆಯೆತ್ತದೆ. "ಒಂದು ದಿನಾನೂ ಯಾರ್ ಮುಂದೂ ಕೈ ಮುಗಿದೋನಲ್ಲ ಅವ್ನು."

"ಅವನಿಗೆ ಲೆಕ್ಕ ಗೊತ್ತಿಲ್ಲ ತಾಯಿ, ಅದಕ್ಕೆ," ಎಂದ ರೇವಣಸಿದ್ದಯ್ಯ.

ಪಾಪಮ್ಮ ಮೊರ ಕೊಡವಿ ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಅರಳಿಕಟ್ಟೆಯ ಹತ್ತಿರ ಆರು ಮನೆಯವರೂ ಸೇರಿದರು. ಕಾರ್ಖಾನೆಯ ಗುಮಾಸ್ತೆ ವೆಂಕಟಗಿರಿ ಸೈಕಲ್ಲಿನಲ್ಲಿ ಬಂದ. ಕೋಟಿನ ಒಳಜೇಬಿನಿಂದ ಲಕೋಟೆ ತೆಗೆದು, ಆಗಲೇ ಮಡಿಸಿ ತಂದಿದ್ದ ಚೀಟಿಗಳನ್ನು ಎಲ್ಲರಿಗೂ ಕಾಣುವ ಹಾಗೆ ಒಂದೊಂದಾಗಿ ಬಿಂದಿಗೆಗೆ ಹಾಕಿದ. "ಮೇಷ್ಟ್ರೇ, ಓದಿದೋರು ನೀವೊಬ್ರೇ. ಎಣಿಸ್ಕೊಳಿ," ಎಂದ. ರೇವಣಸಿದ್ದಯ್ಯ ಎಣಿಸಿದ. ಆರು. ಎಣಿಸುವುದು ಬಿಟ್ಟರೆ ಇನ್ನೇನನ್ನಾದರೂ ನೋಡಬೇಕೆಂದು ಅವನಿಗೆ ಹೊಳೆಯಲಿಲ್ಲ.

"ಮೊದಲ ಕೈ ನಮ್ಮುಗ್ರಪ್ಪಂದು," ಎಂದು ದೊಡ್ಡಣ್ಣ ಎದ್ದು ನಿಂತು ಹೇಳಿದಾಗ ಗುಂಪಿನಲ್ಲಿ ಗುಜುಗುಜು ಎದ್ದಿತು. ಊರಿನ ನೆನಪಿನಲ್ಲೇ ಹಾಗಾದದ್ದಿಲ್ಲ. ಹನುಮಂತಯ್ಯ ಅಪ್ಪನ ಮುಖ ನೋಡಿದ. ಅಪ್ಪ ಮೇಷ್ಟ್ರ ಮುಖ ನೋಡಿದ. ರೇವಣಸಿದ್ದಯ್ಯ, ಪಾಠ ಒಪ್ಪಿಸುವ ಜಾಣ ಹುಡುಗನಿಗೆ ಆಡಿಸುವಂತೆ, ತಲೆಯಾಡಿಸಿದ.

ಉಗ್ರಪ್ಪ ಕಣ್ಣು ಮುಚ್ಚಿಕೊಂಡು ಬಿಂದಿಗೆಗೆ ಕೈ ಇಳಿಸಿದ. ಒಂದು ಗಳಿಗೆ ಹೆಚ್ಚೇ ಹೊತ್ತು ಕೈ ಒಳಗಿತ್ತು. ತುಟಿ ಅಲುಗುತ್ತಿದ್ದುದರಿಂದ ದೇವರನ್ನು ನೆನೆಯುತ್ತಿದ್ದಾನೆ ಎಂದುಕೊಂಡರು ಜನ. ತೆಗೆದ ಚೀಟಿಯನ್ನು ವೆಂಕಟಗಿರಿ ತಾನು ಮುಟ್ಟದೆ, "ಮೇಷ್ಟ್ರೇ ಓದ್ಲಿ," ಎಂದ. ರೇವಣಸಿದ್ದಯ್ಯ ಬಿಚ್ಚಿದ. ಬಿಟ್ಟರೆ ತಾನಾಗಿ ಮಡಿಚಿಕೊಳ್ಳುವಂಥ ಬಿರುಸಾದ ಕಾಗದ. ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕಾಯಿತು.

"ಕೆಲಸ," ಎಂದು ಓದಿದ.

ಉಳಿದ ಐವರು ಕೈ ಹಾಕಲೇ ಇಲ್ಲ. ಹಾಕಿ ಮಾಡುವುದೇನಿತ್ತು? ವೆಂಕಟಗಿರಿ ಆ ಚೀಟಿಯನ್ನು ಇಸಿದುಕೊಂಡು ಜೇಬಿಗಿಳಿಸಿ, ಬರೆದು ತಂದಿದ್ದ ಮಹಜರು ಚಾಚಿದ. ಊರಿನವರ ಸಮಕ್ಷಮದಲ್ಲಿ, ಯಾವ ಮೋಸಕ್ಕೂ ಆಸ್ಪದವಿಲ್ಲದೆ ಚೀಟಿ ಎತ್ತಲಾಯಿತು ಎಂದಿತ್ತು. ಉಳಿದವರದು ಹೆಬ್ಬೆಟ್ಟು, ರೇವಣಸಿದ್ದಯ್ಯನದು ರುಜು. ಅಕ್ಷರ ಎಂದಿನಂತೆ ಗುಂಡಾಗಿ ಬಂತು.

ದೊಡ್ಡಣ್ಣ ಬಿಂದಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದ. ದಾರಿಯಲ್ಲಿ, ಹಿಂದೆ ಬರುತ್ತಿದ್ದ ಮೇಷ್ಟ್ರಿಗಾಗಿ ನಿಂತು, "ನಿಮ್ಮ ಲೆಕ್ಕ ತಪ್ಪಲ್ಲ ಬುಡಿ. ಆರ್ರಲ್ಲಿ ಒಂದು ಅಂದಿದ್ರಿ. ಆ ಒಂದು ಅವನದಾಯ್ತು," ಎಂದ. ಬಯ್ದಿದ್ದರೆ ಸುಲಭವಾಗುತ್ತಿತ್ತು. ರೇವಣಸಿದ್ದಯ್ಯ ಅಂದು ರಾತ್ರಿ ಲೆಕ್ಕ ಸರಿಯಾಗಿದೆ, ಲೆಕ್ಕ ಸರಿಯಾಗಿದೆ ಎಂದು ಹೇಳಿಕೊಂಡೇ ಮಲಗಿದ.

ಮುಂದಿನದೆಲ್ಲ ಬೇಗ ಬೇಗ ಆಗಿಹೋಯಿತು. ಹತ್ತನೆಯ ದಿನಕ್ಕೆ ಬೀಗರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ಜಗಲಿಯ ಮೇಲೆಯೇ ಪಂಚಾಯ್ತಿಯಾಗಿ ಬಿಡುಗಡೆಯೂ ಆಯಿತು. ಮಗೂನ ಒಂದು ಸಲ ತೋರಿಸಬಹುದಿತ್ತು ಎಂದಷ್ಟೇ ಹನುಮಂತಯ್ಯ ಕೊನೆಯಲ್ಲಿ ಅಂದ. ಬೀಗರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. ಮಾರನೆಯ ಬೆಳಿಗ್ಗೆ ಅವನು ಕಲ್ಲುಗಣಿಯ ಗುತ್ತಿಗೆದಾರನ ಲಾರಿ ಹತ್ತಿದ. ಎಲ್ಲಿಯ ಗಣಿ, ಯಾವಾಗ ಬರುತ್ತೀಯ ಎಂದು ತಾಯಿ ಕೇಳಿದ್ದಕ್ಕೆ, "ಬತ್ತೀನಿ ಬುಡವ್ವ," ಎಂದನಂತೆ.

ಅಂದೇ ಪಾಪಮ್ಮ, ಚೀಟಿ ಎತ್ತಿದ ದಿನದಿಂದ ಮೂಲೆಯಲ್ಲಿ ಹಾಗೇ ಬಿದ್ದಿದ್ದ ಬಿಂದಿಗೆಯನ್ನು ಬೆಳಗಲು ಹಿತ್ತಲಿಗೆ ಒಯ್ದಳು. ಸ್ವಲ್ಪ ಹೊತ್ತಿಗೆ ಹೊರಕೋಣೆಯ ಬಾಗಿಲಿಗೆ ಬಂದು, ಸೆರಗಿನ ತುದಿಯಿಂದ ಐದು ಚೀಟಿ ತೆಗೆದು ಹೊಸ್ತಿಲ ಮೇಲಿಟ್ಟಳು.

"ಖಾಲಿ ಕಾಗದ. ಲೆಕ್ಕ ಬರ್ಕೊಳಾಕಾದ್ರೂ ಆಯ್ತದೆ," ಎಂದಳು. ಕೊಂಕೋ, ಬರಿಯ ಮಾತೋ, ಅವನಿಗೆ ತಿಳಿಯಲಿಲ್ಲ.

ಅವನು ಒಂದನ್ನು ಬಿಚ್ಚಿದ. ಮಕ್ಕಳ ಕಾಪಿಪುಸ್ತಕದ ಹಾಳೆಯಂಥ ತೆಳು ಕಾಗದ. ಬಿಚ್ಚಿದ ಕೂಡಲೇ ಅಂಗೈ ಮೇಲೆ ಮೆತ್ತಗೆ ಹರಡಿಕೊಂಡಿತು. ಎರಡನೆಯದು, ಮೂರನೆಯದು, ಐದೂ ಅಂಥವೇ. ಹೆಬ್ಬೆರಳಿನಿಂದ ಒತ್ತಿ ಹಿಡಿಯುವ ಹಾಗೇ ಇರಲಿಲ್ಲ. ರೇವಣಸಿದ್ದಯ್ಯ ತನ್ನ ಎರಡು ಹೆಬ್ಬೆರಳುಗಳನ್ನು ನೋಡಿಕೊಂಡ. ಅಂದು ಅವುಗಳ ಕೆಳಗಿದ್ದದ್ದು ಪೋಸ್ಟ್‌ಕಾರ್ಡಿನಷ್ಟು ದಪ್ಪದ ಚೂರು. ಬಿಂದಿಗೆಯ ಕತ್ತಲಲ್ಲಿ ಎಂಥ ದಡ್ಡ ಬೆರಳಿಗಾದರೂ ಅದು ಬೇರೆಯೆಂದು ಗೊತ್ತಾಗುತ್ತಿತ್ತು, ಉಳಿದವರೆಲ್ಲರಿಗಿಂತ ಮೊದಲು ಕೈ ಹಾಕಲು ಸಿಕ್ಕಿದರೆ.

ಪುಸ್ತಕ ತೆಗೆದು ಆ ಅಧ್ಯಾಯ ಹುಡುಕಿದ. ತಾನು ನೂರು ಸಲ ಬಿಡಿಸಿದ ಲೆಕ್ಕ. 'ಒಂದು ಚೀಲದಲ್ಲಿ, ಮುಟ್ಟಿದರೆ ವ್ಯತ್ಯಾಸ ತಿಳಿಯದಂಥ ಆರು ಗೋಲಿಗಳಿವೆ' ಎಂದು ಶುರುವಾಗುತ್ತಿತ್ತು. ಲೆಕ್ಕದ ಮೊದಲ ಸಾಲನ್ನು ಯಾರು ಓದುತ್ತಾರೆ? ಅಂಕಿ ಎಲ್ಲಿದೆ ಎಂದು ಕಣ್ಣು ಹಾರಿಹೋಗುತ್ತದೆ. ಈ ಸಾಲನ್ನು ಹೆಬ್ಬೆಟ್ಟೊತ್ತುವ ಪಾಪಮ್ಮ ಮೊರದ ಮುಂದೆ ಕೂತು ಅವನಿಗೆ ಓದಿ ಹೇಳಿದ್ದಳು. ಅವನು ನಕ್ಕಿದ್ದ.

ಮಧ್ಯಾಹ್ನ ಸ್ಕೂಲಿಗೆ ರಜೆ ಹಾಕಿ ಕಾರ್ಖಾನೆಗೆ ಹೋದ. ಗೇಟಿನಲ್ಲಿ ಉಗ್ರಪ್ಪನ ಮಗ ಹೊಸ ಖಾಕಿ ತೊಟ್ಟು ಸ್ಟೂಲಿನ ಮೇಲೆ ಕೂತಿದ್ದವನು, ಮೇಷ್ಟ್ರನ್ನು ಕಂಡು ತಟ್ಟನೆ ಎದ್ದು ನಮಸ್ಕಾರ ಮಾಡಿದ. ವೆಂಕಟಗಿರಿ ಒಳಗಿನಿಂದ ಬಂದು ಬೇವಿನ ಮರದ ನೆರಳಿಗೆ ಕರೆದೊಯ್ದ.

"ಆ ಆರನೇ ಚೀಟಿ ನೋಡಬೇಕಿತ್ತು," ಎಂದ ರೇವಣಸಿದ್ದಯ್ಯ.

"ಯಾವ ಚೀಟಿ ಸ್ವಾಮಿ?"

"ನಾನು ಓದಿದ್ದು. ಅದರ ಕಾಗದ ಬ್ಯಾರೆ ಇತ್ತು. ಇವು ನೋಡ್ರಿ."

ವೆಂಕಟಗಿರಿ ಆ ಐದು ಚೂರುಗಳನ್ನು ನೋಡಲೂ ಇಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡ. "ಎಣಿಸಿದ್ದು ನೀವು. ಓದಿದ್ದು ನೀವು. ಮೋಸ ಇಲ್ಲ ಅಂತ ರುಜು ಹಾಕಿದ್ದೂ ನೀವು. ಈಗ ಮೋಸ ಅಂದ್ರೆ ಯಾರು ಮಾಡ್ದಂಗಾಯ್ತು ಮೇಷ್ಟ್ರೇ? ಸರ್ಕಾರಿ ನೌಕರಿ ನಿಮ್ದು. ಸುಮ್ನೆ ಹೋಗಿ." ಗದರಿಸಿ ಹೇಳಲಿಲ್ಲ, ಹಿತ ಹೇಳುವವನ ದನಿಯಲ್ಲೇ ಹೇಳಿದ.

ಹಿಂದಿರುಗುವಾಗ ರೇವಣಸಿದ್ದಯ್ಯ ಒಂದನ್ನು ನಿರ್ಧರಿಸಿದ. ನೌಕರಿ ಹೋದರೂ ಸರಿ, ಊರಿನವರ ಮುಂದೆ ತಾನೇ ನಿಂತು ಹೇಳುತ್ತೇನೆ. ಅದಕ್ಕೂ ಮುಂಚೆ ದೊಡ್ಡಣ್ಣನಿಗೆ ಹೇಳಬೇಕು. ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡ. ಹೊಲವಿದ್ದ ಜಾಗದಲ್ಲಿ ಹೆಂಗಸರು ರಸ್ತೆಗೆ ಜಲ್ಲಿ ಹರಡುತ್ತಿದ್ದರು. ಅವನು ಮನೆ ಮುಟ್ಟುವಾಗ ಇಳಿಬಿಸಿಲು ಜಗಲಿಯ ಅಂಚಿಗೆ ಬಂದಿತ್ತು.

ದೊಡ್ಡಣ್ಣ ಗೋಡೆಯ ಕಡೆ ಮುಖಮಾಡಿ ಕೂತಿದ್ದ. ಮುಂದೆ ಫಳಫಳ ಬೆಳಗಿದ ಬಿಂದಿಗೆ. ಗೋಡೆಯ ಸುಣ್ಣದ ಮೇಲೆ ಇದ್ದಿಲಿನಿಂದ ಆರು ಸಾಲು ಗೀಟು. ಅವನು ಬಿಂದಿಗೆಯಿಂದ ಒಂದೊಂದೇ ಅವರೆಕಾಳು ತೆಗೆದು ನೆಲದ ಮೇಲೆ ಸಾಲಾಗಿ ಇಡುತ್ತಿದ್ದ. ಮಸಿಬೊಟ್ಟಿನ ಕಾಳು ನಾಲ್ಕನೆಯದಾಗಿ ಬಂತು. ನಾಲ್ಕನೆಯ ಸಾಲಿಗೆ ಒಂದು ಗೀಟು ಎಳೆದು, ಎಲ್ಲವನ್ನೂ ಒಳಗೆ ಹಾಕಿ ಕುಲುಕಿದ. ಬೆರಳೆಲ್ಲ ಕಪ್ಪಾಗಿತ್ತು.

"ಬನ್ನಿ ಮೇಷ್ಟ್ರೇ. ಬೆಳಿಗ್ಗೆಯಿಂದ್ಲೂ ಎತ್ತಾ ಇವ್ನಿ," ಎಂದ. "ನೀವೇ ಎಣಿಸಿ. ಮೊದಲ ಕೈಗೆ ಹದಿಮೂರು. ಕಡೇ ಕೈಗೆ ಹದಿನಾಲ್ಕು. ನಡೂವಿನೋರ್ಗೂ ಅಷ್ಟಷ್ಟೇ."

ರೇವಣಸಿದ್ದಯ್ಯ ಚಪ್ಪಲಿ ಬಿಟ್ಟು ಜಗಲಿ ಹತ್ತಿದ. ಜೇಬಿನಲ್ಲಿ ಐದು ಚೀಟಿಯಿದ್ದವು. "ಗೌಡ್ರೇ, ನಿಮಗೊಂದು ಮಾತು..." ಎಂದ.

"ಒಳಗೆ ಅವ್ಳು ಮಾತಾಡ್ತಾನೇ ಇಲ್ಲ," ಎಂದ ದೊಡ್ಡಣ್ಣ, ಅವನ ಮಾತು ಕೇಳಿಸದವನಂತೆ. "ನೀನು ಬುಟ್‌ಕೊಟ್ಟಿದ್ದಕ್ಕೇ ಮೊಗಾ ಓಯ್ತು ಅಂತ ಅವ್ಳ ಮನಸ್ನಾಗೆ. ಬಾಯಲ್ಲಿ ಅನ್ನಲ್ಲ. ನಂಗೂ ರಾತ್ರಿ ಎಲ್ಲಾ ಅದೇ. ಲಾರಿ ಅತ್ತುವಾಗ ಅನ್ಮಂತ ನನ್ ಕಡೆ ತಿರುಗಿ ನೋಡ್ಲಿಲ್ಲ ಕಣ್ ಮೇಷ್ಟ್ರೇ." ಅವನು ಗೋಡೆಯ ಕಡೆ ಕೈ ಮಾಡಿದ. "ಆಮೇಲೆ ಇದು ನೆಪ್ಪಾಯ್ತು. ಎಪ್ಪತ್ತೊಂಬತ್ತು ಸಲ ಎತ್ತಿವ್ನಿ. ಮೊದಲ ಕೈಗೆ ಏನೂ ಎಚ್ಚಿಲ್ಲ. ನಾನು ಬುಟ್‌ಕೊಟ್ಟಿದ್ದಕ್ಕೆ ಓಗ್ಲಿಲ್ಲ. ಅಲ್ವಾ?"

ರೇವಣಸಿದ್ದಯ್ಯ ಜೇಬಿನ ಚೀಟಿಗಳ ಮೇಲೆ ಕೈಯಿಟ್ಟ.

"ಹೇಳಿ ಮೇಷ್ಟ್ರೇ. ಅಲ್ವಾ?"

"ಅಲ್ಲ ಗೌಡ್ರೇ," ಎಂದ ಅವನು. "ಅದಕ್ಕಲ್ಲ."

ದೊಡ್ಡಣ್ಣ ಉಸಿರು ಬಿಟ್ಟ. ಒಳಗಿನಿಂದ ಪಾಪಮ್ಮ ಬಂದು ಬಾಗಿಲಲ್ಲಿ ನಿಂತಳು. ಅವಳ ಕಣ್ಣು ಮೇಷ್ಟ್ರ ಉಬ್ಬಿದ ಜೇಬಿನ ಮೇಲೆ ಒಂದು ಕ್ಷಣ ನಿಂತಿತು, ಆಮೇಲೆ ಅವನ ಮುಖಕ್ಕೆ ಬಂತು.

"ಎಂಬತ್ತಕ್ಕೆ ನೀವೊಂದು ಎತ್ತಿ," ಎಂದು ದೊಡ್ಡಣ್ಣ ಬಿಂದಿಗೆಯನ್ನು ಅವನತ್ತ ದೂಡಿದ. "ಮೊದಲ ಕೈ ನಿಮ್ದೇ."

ರೇವಣಸಿದ್ದಯ್ಯ ಕುಕ್ಕರುಗಾಲಲ್ಲಿ ಕೂತು, ತೋಳು ಮಡಿಚಿ, ಕೈ ಒಳಗಿಳಿಸಿದ. ಹಿತ್ತಾಳೆ ತಣ್ಣಗಿತ್ತು. ತಳದಲ್ಲಿದ್ದ ಕಾಳುಗಳನ್ನು ಒಂದೊಂದಾಗಿ ಬೆರಳಿನಲ್ಲಿ ಹೊರಳಿಸಿ ನೋಡಿದ. ಆರೂ ಒಂದೇ ಥರ ಇದ್ದವು.